ಹೊಸ್ತಿಲು ದಾಟಿದ ಕೆಂಡ

ನಿಪ್ಪಾಣಿಯ ಮಾಗಿ ಚಳಿಗೆ ಬೀದಿ ನಾಯಿ ಕೂಡ ಒಲೆಬೂದಿ ಬಿಟ್ಟು ಮೇಲೇಳುವುದಿಲ್ಲ. ಇಂಥ ಹೊತ್ತಿನಲ್ಲಿ ತಂಬಾಕು ವ್ಯಾಪಾರಿ ಶಾಂತಿನಾಥರ ಮನೆಯ ಹಿತ್ತಿಲಲ್ಲಿ ಮಲಕವ್ವ ಕಟ್ಟಿಗೆ ಒಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕಡ್ಡಿಪೆಟ್ಟಿಗೆ ಕೈಯಲ್ಲೇ ಇದೆ, ಆದರೂ ಗೀರುತ್ತಿಲ್ಲ. ಇದು ಜೈನರ ಮನೆ. ಕಟ್ಟಿಗೆಯ ಮೇಲೆ ಹರಿಯುವ ಇರುವೆ ಕಣ್ಣಿಗೆ ಕಾಣುವಷ್ಟು ಬೆಳಕಾಗದೆ ಇಲ್ಲಿ ಬೆಂಕಿ ಹೊತ್ತಿಸುವಂತಿಲ್ಲ. ಮೂಡಲು ತುಸು ಕೆಂಪಾದದ್ದೇ ಅವಳು ಒಂದೊಂದೇ ಜಾಲಿ ತುಂಡನ್ನು ಕಲ್ಲಿಗೆ ಕುಟ್ಟುತ್ತಾಳೆ, ಸೀಳುಗಳಿಗೆ ಊದುತ್ತಾಳೆ, ಸೆರಗಿನ ಚುಂಗಿನಿಂದ ತೊಗಟೆ ಒರೆಸುತ್ತಾಳೆ. "ಏಳ್ರವ್ವ, ಮಕ್ಕಳು ಮರಿ ಕರಕೊಂಡು ಅತ್ಲಾಗ ಹೋಗ್ರಿ. ಆಮ್ಯಾಲ ಮಲಕವ್ವ ಸುಟ್ಲು ಅಂತ ನನ್ನ ಮ್ಯಾಲ ಬರಬ್ಯಾಡ್ರಿ" ಎಂದು ಇರುವೆಗಳಿಗೆ ಹೇಳುತ್ತಾಳೆ. ಒಂದು ದಪ್ಪ ತುಂಡಿನಿಂದ ಹುಳ ಕೊರೆದ ಹಿಟ್ಟು ಉದುರುತ್ತದೆ. ಆ ತುಂಡನ್ನು ಒಯ್ದು ಬೇವಿನ ಮರದ ಬುಡಕ್ಕೆ ಇಟ್ಟು ಬರುತ್ತಾಳೆ.

ಬೆಂಕಿ ಹತ್ತಿದ ಮೇಲೆ ಅವಳ ಮಾತು ನಿಲ್ಲುತ್ತದೆ. ಜಾಲಿ ಉರಿದು, ಹೊಗೆಯೆಲ್ಲ ಬಯಲಿಗೆ ಹೋಗಿ, ಕೆಂಡ ನಿಗಿನಿಗಿ ಎನ್ನುವ ತನಕ ಕಾಯಬೇಕು. ಆಮೇಲೆ ಕಬ್ಬಿಣದ ಶೇಗಡಿಗೆ ಕೆಂಡ ತುಂಬಿ, ಮೇಲೆ ತೆಳ್ಳಗೆ ಬೂದಿ ಹರಡಿ, ಬಾಣಂತಿ ಕೋಣೆಗೆ ಒಯ್ದು ಹೊರಸಿನ ಕೆಳಗೆ ಸರಿಸಬೇಕು. ಹೊರಸಿನ ಮೇಲೆ ಶಾಂತಿನಾಥರ ಮಗಳು ಜಿನಮತಿ, ಮಗ್ಗುಲಲ್ಲಿ ಮೊನ್ನೆ ಮೊನ್ನೆ ಹುಟ್ಟಿದ ಅವಳ ಎರಡನೆಯ ಕೂಸು. ಮಲಕವ್ವ ಮೊದಲು ಗೋಡೆಯ ಮೇಲಿನ ಬೆಳಕಿಂಡಿ ತೆರೆದಿದೆಯೇ ಎಂದು ನೋಡುತ್ತಾಳೆ. ನಂತರ ತನ್ನ ಮೊಣಕೈಯ ಒಳಬದಿಯನ್ನು ಹೊರಸಿನ ಹಗ್ಗಕ್ಕೆ ತಾಗಿಸಿ ಶಾಖ ಅಳೆಯುತ್ತಾಳೆ.

"ಬೆನ್ನಿಗೆ ಬಿಸಿ ತಾಗೇತೇನವ್ವ?"

"ತಾಗೇತಿ ಮಲಕಕ್ಕ."

ಈ ಸೀಮೆಯಲ್ಲಿ ಬಾಣಂತನವೆಂದರೆ ಬಿಸಿನೀರು ಮತ್ತು ಬೆಂಕಿ. ನೀರು ಎರೆಯುವವಳ ಹೆಸರು ಓಣಿಗೆಲ್ಲ ಗೊತ್ತು. ಕೂಸಿನ ಮೂಗು ತಿದ್ದುವುದು, ಕೈಕಾಲು ನೀಡುವುದು, ಎಲ್ಲ ನಾಲ್ಕು ಜನರೆದುರಿನ ಕೆಲಸ. ತೊಟ್ಟಿಲಿಗೆ ಹಾಕಿದ ದಿನ ಅವಳಿಗೆ ಸೀರೆ, ಕುಬಸ, ಉಡಿ ತುಂಬ ಅಕ್ಕಿ. ಕೋಣೆ ಕಾಸುವವಳನ್ನು ಯಾರು ನೆನೆಯುತ್ತಾರೆ? ಬೇಸಿಗೆಯ ಬಿಸಿಲಲ್ಲಿ ಹಳ್ಳದ ದಂಡೆಯ ಜಾಲಿ ಕಡಿದು, ಒಣಗಿಸಿ, ಮಳೆ ತಾಗದಂತೆ ಒಟ್ಟಿಟ್ಟು, ಚಳಿಗಾಲ ಬಂದಾಗ ದಿನಕ್ಕೆ ಎರಡು ಮೂರು ಮನೆಗಳಿಗೆ ಬೆಳಿಗ್ಗೆ ಸಂಜೆ ಶೇಗಡಿ ಹೊರುವ ಈ ಹೆಂಗಸಿಗೆ ಸಿಗುವುದು ಒಂದಿಷ್ಟು ಜೋಳ, ಉಟ್ಟು ಬಿಟ್ಟ ಸೀರೆ, ಮತ್ತು ಯಾವತ್ತೂ ಆರದ ಕೈಬೊಬ್ಬೆ. ಬೆಚ್ಚಗಿನ ಕೋಣೆಗೆ ಬಂದು ಕೂಸು ನೋಡಿದವರೆಲ್ಲ "ಬಾಣಂತಿ ಚಲೋ ಆಗ್ಯಾಳ" ಎನ್ನುತ್ತಾರೆ. ಹೊರಸಿನ ಕೆಳಗೆ ಬಗ್ಗಿ ನೋಡುವುದಿಲ್ಲ.

ಅದಕ್ಕೆಲ್ಲ ಮಲಕವ್ವ ತಲೆ ಕೆಡಿಸಿಕೊಂಡವಳಲ್ಲ. ಅವಳ ಹೊಟ್ಟೆಯೊಳಗಿನ ಉರಿಯೇ ಬೇರೆ. ನಾಲ್ಕು ದಿನದ ಹಿಂದೆ ರಾಯಬಾಗದಲ್ಲಿ ಅವಳ ಒಬ್ಬಳೇ ಮಗಳು ರಾಮವ್ವ ಹೆಣ್ಣುಕೂಸು ಹೆತ್ತಿದ್ದಾಳೆ. ಮೊದಲ ಹೆರಿಗೆ ತವರಿನಲ್ಲಾಗಬೇಕು ಎಂಬುದು ರೂಢಿ. ಅತ್ತೆ ರುಕ್ಮವ್ವ ಬಸುರಿಯನ್ನು ಕಳಿಸಲಿಲ್ಲ. ಕಾರಣವನ್ನು ಮುಚ್ಚುಮರೆ ಇಲ್ಲದೆ ಹೇಳಿ ಕಳಿಸಿದಳು: ಗಂಡ ಸತ್ತವಳ ಕೈಯ ಬೆಂಕಿ ನಮ್ಮ ಬಾಣಂತಿಗೆ ಬೇಡ, ಅವಳು ನಮ್ಮ ಹೊಸ್ತಿಲಿಗೂ ಬರುವುದು ಬೇಡ. ಊರವರ ಕೂಸುಗಳನ್ನೆಲ್ಲ ಬೆಚ್ಚಗಿಟ್ಟವಳಿಗೆ ತನ್ನ ಮೊಮ್ಮಗಳ ಕೋಣೆಯೇ ಬಂದ್ ಆಗಿದೆ.

"ನಾ ಇವತ್ತ ಹೋಗತೀನ್ರಿ" ಎಂದು ಮಲಕವ್ವ ಶಾಂತಿನಾಥರ ಹೆಂಡತಿ ಲಕ್ಷ್ಮಿಬಾಯಿಗೆ ಹೇಳುತ್ತಾಳೆ. "ಕರದಿಲ್ಲ ಅನ್ನೂದು ಗೊತ್ತೈತಿ. ಹಸುಗೂಸು ಥಂಡಿ ಹಿಡದು ಮಲಗಿದ್ರ ಕರಿಯೂ ತನಕ ಕುಂದರಾಕ ಆಗತೈತೇನ್ರಿ?"

ಲಕ್ಷ್ಮಿಬಾಯಿ ಒಟ್ಟಿದ ಕಟ್ಟಿಗೆಯ ಕಡೆ ನೋಡುತ್ತಾಳೆ. "ಹೋಗಿ ಬಾ. ಕಟ್ಟಿಗಿ ನಾ ಕುಟ್ಟತೀನಿ. ನಿನ್ನ ನೋಡಿ ನೋಡಿ ನನಗೂ ಬರೋಬರಿ ಬರತೈತಿ" ಎನ್ನುತ್ತಾಳೆ.

ಹೀಗೆ ಹೇಳುವ ಲಕ್ಷ್ಮಿಬಾಯಿಯೇ ಏಳು ವರ್ಷದ ಹಿಂದೆ ಇದೇ ಮಲಕವ್ವನನ್ನು ಬೇಡವೆಂದಿದ್ದಳು. ಮಲಕವ್ವನ ಗಂಡ ಭರಮು ಕಟ್ಟಿಗೆ ವಖಾರದಲ್ಲಿ ಕೊಡಲಿ ಹಿಡಿಯುತ್ತಿದ್ದವನು. ಹುಣಸೆ ಮರದ ಟೊಂಗೆ ಕಡಿಯಲು ಹತ್ತಿ, ಟೊಂಗೆಯ ಜೊತೆಗೇ ಕೆಳಗೆ ಬಂದ. ಅವನು ಬಿದ್ದದ್ದು ಮರದಿಂದ, ಕೆಟ್ಟದ್ದು ಹೆಂಡತಿಯ ಕೈಗುಣ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವ ನ್ಯಾಯ ನಮ್ಮಲ್ಲಿ ಇವತ್ತಿನದಲ್ಲ. ಜೈನರು, ಲಿಂಗಾಯತರು, ಮರಾಠರು, ಅವಳದೇ ಕುರುಬರ ಓಣಿಯವರು, ಬೇರೆ ಯಾವುದರಲ್ಲಿ ಒಮ್ಮತವಾಗದಿದ್ದರೂ ಇದೊಂದರಲ್ಲಿ ಎಲ್ಲರೂ ಒಂದಾದರು. ಬಾಣಂತಿ ಕೋಣೆಗೆ ಮುತ್ತೈದೆಯ ಕೈಯ ಬೆಂಕಿಯೇ ಆಗಬೇಕು.

ಆ ವರ್ಷ ಜಿನಮತಿಯ ಚೊಚ್ಚಲ ಹೆರಿಗೆ. ಮಲಕವ್ವನ ಬದಲು ತಾರವ್ವ ಎಂಬ ಮುತ್ತೈದೆಯನ್ನು ಗೊತ್ತು ಮಾಡಿದರು. ತಾರವ್ವ ಕೆಟ್ಟವಳಲ್ಲ, ಕೆಲಸ ಗೊತ್ತಿರಲಿಲ್ಲ ಅಷ್ಟೆ. ಶಾಂತಿನಾಥರ ಅಂಗಳದಲ್ಲಿ ಎಲೆ ಸುಲಿದ ತಂಬಾಕಿನ ದಂಟು ಗುಡ್ಡದಷ್ಟು ಬಿದ್ದಿತ್ತು. ನಿಪ್ಪಾಣಿಯಲ್ಲಿ ಬಡವರ ನೀರೊಲೆಗೆ ಅದೇ ಉರುವಲು. ಒಣಗಿದ್ದು, ಬೇಗ ಹತ್ತುವಂಥದ್ದು, ಕೇಳುವವರಿಲ್ಲ. ತಾರವ್ವ ಅದನ್ನೇ ಶೇಗಡಿಗೆ ತುಂಬಿದಳು. ಚಳಿ ಒಳಗೆ ಬರದಿರಲೆಂದು ಬೆಳಕಿಂಡಿಗೆ ಅರಿವೆ ಬೇರೆ ತುರುಕಿದಳು. ಮಧ್ಯಾಹ್ನದ ಹೊತ್ತಿಗೆ ಜಿನಮತಿಗೆ ತಲೆ ಗಿರ್ರೆಂದು ಸುತ್ತಿ ವಾಂತಿ ಶುರುವಾಯಿತು. ಕೂಸು ಮೊಲೆಗೆ ಬಾಯಿಡಲಿಲ್ಲ, ಅಳಲೂ ಇಲ್ಲ.

ಆಗ ಲಕ್ಷ್ಮಿಬಾಯಿ ಹಿತ್ತಿಲ ಬಾಗಿಲಿನಿಂದ ಬಾ ಎಂದು ಮಲಕವ್ವನಿಗೆ ಹೇಳಿ ಕಳಿಸಿದಳು. ಮಲಕವ್ವ ಓಡಿ ಬಂದಳು. ಶೇಗಡಿ ಎಳೆದು ಹೊರಗೆಸೆದಳು, ಕಿಟಕಿ ಬಾಗಿಲು ತೆರೆದಳು, ತಾಯಿ ಕೂಸನ್ನು ಗಾಳಿಗೆ ತಂದು ತನ್ನ ಮೈಗೇ ಒತ್ತಿ ಹಿಡಿದು ಕೂತಳು. ಡಾಕ್ಟರು ಬರುವಷ್ಟರಲ್ಲಿ ಕೂಸು ಕಿರ್ರೆಂದಿತ್ತು. ಕೋಣೆ ತೊಳೆದು, ಜಾಲಿಯ ಕೆಂಡ ಮಾಡಿ ಸಂಜೆಗೆ ಮತ್ತೆ ಬೆಚ್ಚಗೆ ಮಾಡಿ ಹೋದಳು. ಮರುದಿನ ಲಕ್ಷ್ಮಿಬಾಯಿ ಅವಳ ಕೈಹಿಡಿದು, ದಿನವೂ ಹೀಗೇ ಹಿತ್ತಿಲಿನಿಂದ, ಯಾರ ಕಣ್ಣಿಗೂ ಬೀಳದಂತೆ ಬಂದು ಹೋಗು ಎಂದಳು.

"ನಿನ್ನಿ ಕೂಸಿನ ಸಲುವಾಗಿ ಬಂದಿದ್ನಿ, ಅದಕ್ಕ ಬಾಗಲಾ ನೋಡಲಿಲ್ಲ" ಎಂದಳಂತೆ ಮಲಕವ್ವ. "ಇವತ್ತ ಕೆಲಸಕ್ಕ ಕರಿಯಾಕತ್ತೀರಿ. ಗಂಡ ಇದ್ದಾಗ ಯಾವ ಬಾಗಲದಿಂದ ಬರತಿದ್ನ್ಯೋ ಅದ ಬಾಗಲದಿಂದ ಬರತೀನಿ. ಬ್ಯಾಡ ಅಂದ್ರ ಬ್ಯಾಡ ಬಿಡ್ರಿ. ನನ್ನ ಗಂಡ ಸತ್ತಿದ್ದು ನನಗ ಗೊತ್ತೈತಿ, ನಿಮಗ ಗೊತ್ತೈತಿ. ಬೆಂಕಿಗೇನ ಗೊತ್ತೈತ್ರಿ?"

ಲಕ್ಷ್ಮಿಬಾಯಿ ಮಗಳ ಮುಖ ನೋಡಿದಳು, ಮುಂಬಾಗಿಲು ತೆರೆಸಿದಳು. ದೊಡ್ಡ ಮನೆಯ ಬಾಗಿಲು ತೆರೆದ ಮೇಲೆ ಉಳಿದವರಿಗೂ ಧೈರ್ಯ ಬಂತು. ವರ್ಷ ತುಂಬುವುದರೊಳಗೆ ಅದೇ ಓಣಿಗಳಲ್ಲಿ ಮಲಕವ್ವನ ಶೇಗಡಿ ಮೊದಲಿನ ಹಾಗೆ ಓಡಾಡತೊಡಗಿತು. ಕೆಲವರು ಈಗಲೂ ಅವಳು ಎದುರಾದರೆ ಮಗ್ಗುಲಿಗೆ ಸರಿಯುತ್ತಾರೆ. ಅವಳೂ ಬೇಕೆಂದೇ ನಡುಬೀದಿಯಲ್ಲಿ ನಡೆಯುತ್ತಾಳೆ.

ಇಂಥವಳು ಈಗ ಒಂದು ಚೀಲ ಕಟ್ಟಿಗೆ, ಶೇಗಡಿ, ನಾಲ್ಕು ಇಟ್ಟಂಗಿ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಕಂಡಕ್ಟರ್ ಚೀಲ ಒದ್ದು ನೋಡಿ, ರಾಯಬಾಗದಲ್ಲಿ ಕಟ್ಟಿಗೆ ಸಿಗುವುದಿಲ್ಲವೇ ಎಂದು ಗದರುತ್ತಾನೆ. "ಸಿಗತಾವ್ರಿ. ನಾ ಒಣಗಿಸಿದ್ದು ಸಿಗೂದಿಲ್ಲ" ಎಂದು ಅವಳು ಹತ್ತಿ ಕೂರುತ್ತಾಳೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಅದೇ ಚೀಲಕ್ಕೆ ಮತ್ತೊಮ್ಮೆ ಅದೇ ಜಗಳ ಆಡುತ್ತಾಳೆ. ಜಗಳಕ್ಕೆ ಅವಳು ಎಂದೂ ಬೇಸರಿಸಿದವಳಲ್ಲ.

ರಾಯಬಾಗದ ಮನೆಯ ಬಾಗಿಲಲ್ಲಿ ರುಕ್ಮವ್ವ ಎರಡೂ ಕಂಬ ಹಿಡಿದು ನಿಂತಿದ್ದಾಳೆ. ಅವಳ ಮಗ, ರಾಮವ್ವನ ಗಂಡ ಬಾಳಾಸಾಬ ಅಣ್ಣನ ಜೊತೆ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಯ ಕಡೆ ಹೋಗಿದ್ದಾನೆ, ಮಗಳು ಹುಟ್ಟಿದ ಸುದ್ದಿ ಕೂಡ ಅವನಿಗೆ ಇನ್ನೂ ಮುಟ್ಟಿಲ್ಲ. ಮನೆಯಲ್ಲಿರುವ ಗಂಡಸೆಂದರೆ ರುಕ್ಮವ್ವನ ಗಂಡ ಮಲಕಾರಿ. ಅವನು ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತು, ಬಂದ ಬೀಗತಿಯನ್ನು ಕಂಡೂ ಕಾಣದವನಂತೆ ಬೀದಿ ನೋಡುತ್ತಾನೆ.

"ಹೇಳಿ ಕಳಿಸಿದ್ನಲ್ಲ, ಬರಬ್ಯಾಡ ಅಂತ" ಎನ್ನುತ್ತಾಳೆ ರುಕ್ಮವ್ವ.

"ಕೇಳೇನ್ರಿ ಅಕ್ಕಾರ. ಕೋಣಿ ಕಾಸೂದು ಯಾರ ಮಾಡಾಕತ್ತಾರ?"

"ಯಾರೂ ಇಲ್ಲ. ಎರಡು ಕಂಬಳಿ ಹೊಚ್ಚೇವಿ. ಹ್ವಾದ ವರ್ಸ ದೊಡ್ಡ ಸೊಸಿ ಕೂಸು ಹೋತು ನೋಡು, ಅವತ್ತಿನಿಂದ ನನಗ ಎಲ್ಲಾದ್ರದೂ ಅಂಜಿಕಿ. ಬೆಂಕಿ ಬ್ಯಾಡ, ನೀನೂ ಬ್ಯಾಡ. ಸಿಟ್ಟ ಆಗಬ್ಯಾಡ, ಹೊಳ್ಳಿ ಹೋಗು."

ಮಲಕವ್ವ ಹೊಸ್ತಿಲು ತುಳಿಯುವುದಿಲ್ಲ. ಹಿಂದಕ್ಕೂ ಹೋಗುವುದಿಲ್ಲ. ರಾಮವ್ವ ಮಲಗಿದ ಕೋಣೆಯ ಕಿಟಕಿ ಓಣಿಗೇ ತೆರೆದಿದೆ. ಅದರ ಎದುರು, ಸರಕಾರಿ ರಸ್ತೆಯ ಮೇಲೆ, ಅವಳು ಮೂರು ಕಲ್ಲು ಹೂಡುತ್ತಾಳೆ. ಜಾಲಿ ಉರಿಸಿ ಕೆಂಡದ ನಡುವೆ ಇಟ್ಟಂಗಿ ಹುಗಿಯುತ್ತಾಳೆ. ಅವು ಕಾದ ಮೇಲೆ ಬೂದಿ ಝಾಡಿಸಿ, ಗೋಣಿತಟ್ಟಿನಲ್ಲಿ ಸುತ್ತಿ, ಮೇಲೊಂದು ಹಳೆ ಸೀರೆಯ ಪದರು ಹಾಕಿ ಕಿಟಕಿಯ ಸರಳಿನೊಳಗಿಂದ ಮಗಳ ಕೈಗೆ ಕೊಡುತ್ತಾಳೆ. "ಒಂದು ಕಾಲಕಡೆ ಇಟ್ಟುಕೋ, ಒಂದು ಬೆನ್ನಿಗೆ. ಕೂಸಿಗೆ ತಾಗಿಸಬ್ಯಾಡ, ಕೂಸು ನಿನ್ನ ಮೈಯಿಂದ ಬೆಚ್ಚಗಾಗಲಿ." ರಾಮವ್ವನ ಬೆರಳು ತಾಯಿಯ ಬೆರಳಿಗೆ ತಾಗುತ್ತದೆ. ಮಂಜುಗಡ್ಡೆಯಂತೆ ತಣ್ಣಗಿರುವ ಆ ಬೆರಳುಗಳು ಮಲಕವ್ವನ ಜೀವ ಹಿಂಡುತ್ತವೆ. ಅವಳು ಅಳುವುದಿಲ್ಲ. ಅತ್ತರೆ ತಾನು ಅಪಶಕುನದವಳೆಂಬ ರುಕ್ಮವ್ವನ ಮಾತು ಖರೆ ಆಗುತ್ತದೆ ಎಂಬ ಹಟ.

ರುಕ್ಮವ್ವ ಹೊರಗೆ ಬಂದು ಕೂಗಾಡುತ್ತಾಳೆ. "ರಂಡಿ ಕೈ ಬೆಂಕಿ ಒಳಗ ಬರಬಾರದು ಅಂದಿಲ್ಲೇನ?"

"ಇದು ಬೆಂಕಿ ಎಲ್ಲೈತ್ರಿ? ಇಟ್ಟಂಗಿ" ಎನ್ನುತ್ತಾಳೆ ಮಲಕವ್ವ. "ನಿಮ್ಮ ಹೊಸ್ತಲಾ ನಾ ದಾಟಿಲ್ಲ. ಓಣಿ ನಿಮ್ಮದಲ್ಲ."

ಹೀಗೆ ದಿನಗಳು ನಡೆಯುತ್ತವೆ. ಮಲಕವ್ವ ಓಣಿಯ ತುದಿಯಲ್ಲಿ ಪರಿಚಯದವರ ಪಡಸಾಲೆಯಲ್ಲಿ ಮಲಗುತ್ತಾಳೆ, ಬೆಳಗಾಗುತ್ತಲೇ ಕಿಟಕಿಯೆದುರು ಬಂದು ಕೂರುತ್ತಾಳೆ. ತಣ್ಣಗಾದ ಇಟ್ಟಂಗಿ ಹೊರಗೆ, ಕಾದದ್ದು ಒಳಗೆ. ರೊಟ್ಟಿ ಬುತ್ತಿ ಅಲ್ಲೇ, ಬೈಗುಳವೂ ಅಲ್ಲೇ. ನೀರಿಗೆ ಹೋಗುವ ಹೆಂಗಸರು ಮೊದಮೊದಲು ಮೂಗು ಮುರಿದರು. ಆಮೇಲೆ ಕೊಡ ಇಳಿಸಿ, ಕೂಸು ಹೇಗಿದೆ ಎಂದು ಕೇಳಿದರು. ಚಳಿ ಬಲಿತಂತೆ ಕುರಿ ಕಾಯುವ ಮುದುಕರು ಬೀಡಿ ಹೊತ್ತಿಸುವ ನೆಪದಲ್ಲಿ ಬಂದು ಆ ಬೆಂಕಿಯ ಸುತ್ತ ಕೂರಲು ಶುರು ಮಾಡಿದರು. ಬೀದಿಯಲ್ಲಿ ಉರಿಯುವ ಬೆಂಕಿಗೆ ಯಾರ ಕೈಯದೆಂದು ಯಾರೂ ಜಾತಕ ಕೇಳಲಿಲ್ಲ.

ಒಂದು ಮುಂಜಾನೆ ಮಲಕಾರಿಯೂ ಬರುತ್ತಾನೆ. ಕಂಬಳಿಯೊಳಗಿಂದ ಎರಡೂ ಕೈ ಹೊರತೆಗೆದು ಉರಿಗೆ ಹಿಡಿಯುತ್ತಾನೆ. ಕೈ ತಿರುವಿ ತಿರುವಿ ಕಾಸಿಕೊಳ್ಳುತ್ತಾನೆ, ಮೊಣಕಾಲಿಗೂ ಒತ್ತಿಕೊಳ್ಳುತ್ತಾನೆ. ಹಾಯೆನಿಸಿ ಕಣ್ಣು ಮುಚ್ಚುತ್ತಾನೆ. ಮಲಕವ್ವ ಅವನು ಪೂರಾ ಬೆಚ್ಚಗಾಗುವವರೆಗೆ ಬಾಯಿ ಬಿಚ್ಚುವುದಿಲ್ಲ.

"ಬೀಗರ, ಬೆಂಕಿ ಚಲೋ ಐತೇನ್ರಿ?"

"ಚಲೋ ಐತಿ ಬೀಗತಿ. ಮೈಯೆಲ್ಲಾ ಸಡಲ ಆತು ನೋಡು."

"ನಿಮ್ಮ ಕೈಗೆ ಆದದ್ದು ನಿಮ್ಮ ಮೊಮ್ಮಗಳಿಗೆ ಯಾಕ ಆಗೂದಿಲ್ರಿ?"

ಸುತ್ತ ಕೂತ ಮುದುಕರಲ್ಲಿ ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬ ಬೀಡಿಯ ತುದಿ ನೋಡುತ್ತಾನೆ. ಮಲಕಾರಿಯ ಕೈಗಳು ಉರಿಯ ಮೇಲೆ ಹಾಗೇ ನಿಲ್ಲುತ್ತವೆ. ಹಿಂದಕ್ಕೆ ಎಳೆದುಕೊಂಡರೆ ತಪ್ಪು, ಹಿಡಿದೇ ಇದ್ದರೂ ತಪ್ಪು. ಕೊನೆಗೆ ಅವನು ಎದ್ದು, ಮಲಕವ್ವ ಕೆಂಡ ತುಂಬಿಟ್ಟ ಶೇಗಡಿಗೆ ಕೈ ಹಾಕಿ, "ತಾ, ನಾ ಒಳಗ ಒಯ್ದು ಇಡತೀನಿ" ಎನ್ನುತ್ತಾನೆ.

ಇಲ್ಲಿಗೆ ಬೇರೆ ಯಾರೇ ಆಗಿದ್ದರೂ ಸಾಕು ಎನ್ನುತ್ತಿದ್ದರು. ಕೋಣೆ ಬೆಚ್ಚಗಾದರೆ ಆಯಿತಲ್ಲ. ಮಲಕವ್ವ ಶೇಗಡಿ ಬಿಡುವುದಿಲ್ಲ. "ನೀವು ಒಯ್ದ್ರ ನಾಳೆ ಅದು ನಿಮ್ಮ ಬೆಂಕಿ ಆಗತೈತ್ರಿ. ನಾ ಒಯ್ಯತೀನಿ. ನೀವು ಬಾಗಲಾ ತಗೀರಿ."

ಬಾಗಿಲು ಈಗಾಗಲೇ ತೆರೆದಿದೆ. ರುಕ್ಮವ್ವ ಅಲ್ಲೇ ಎರಡೂ ಕಂಬ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಅವಳ ಮುಖದಲ್ಲಿ ಸಿಟ್ಟಿಲ್ಲ. ಹೋದ ವರ್ಷದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಒಯ್ದ ದಿನದ ಭಯ ಮಾತ್ರ ಇದೆ. ಅದನ್ನು ನೋಡಿದ ಮೇಲೆ ಅವಳನ್ನು ಪೂರ್ತಿ ಬೈಯಲು ನಮಗೂ ಬಾಯಿ ಬರುವುದಿಲ್ಲ.

"ಏನರ ಆದ್ರ ಯಾರ ಹೊಣಿ?" ಎಂದು ಕೇಳುತ್ತಾಳೆ.

"ಕೆಟ್ಟದ್ದಾದ್ರ ನನ್ನ ಹೊಣಿ. ನೀವು ಹ್ಯಾಂಗೂ ನನ್ನ ಹೆಸರ ಹೇಳತೀರಿ" ಎನ್ನುತ್ತಾಳೆ ಮಲಕವ್ವ. "ಆದ್ರ ಚಲೋ ಆದ್ರೂ ನನ್ನ ಹೊಣಿ ಅನ್ನಬೇಕ್ರಿ. ನಾಕ ಮಂದಿ ಮುಂದ ಅನ್ನಬೇಕ."

ರುಕ್ಮವ್ವ ಒಂದು ಕಂಬದಿಂದ ಕೈ ತೆಗೆಯುತ್ತಾಳೆ. ಅಷ್ಟು ಸಂದಿಯಲ್ಲೇ ಮಲಕವ್ವ ಕೆಂಡದ ಶೇಗಡಿ ಎದೆಯ ಎತ್ತರಕ್ಕೆ ಹಿಡಿದು ಒಳಗೆ ಹೋಗುತ್ತಾಳೆ. ಬೆಳಕಿಂಡಿ ನೋಡುತ್ತಾಳೆ, ಹೊರಸಿನ ಕೆಳಗೆ ಬೆಂಕಿ ಸರಿಸುತ್ತಾಳೆ, ಮೊಣಕೈ ತಾಗಿಸಿ ಶಾಖ ಅಳೆಯುತ್ತಾಳೆ. ಆಮೇಲೆ ಮೊದಲ ಸಲ ಮೊಮ್ಮಗಳನ್ನು ಎತ್ತಿಕೊಂಡು, ಇಷ್ಟು ದಿನದ ಅಳುವನ್ನೆಲ್ಲ ಅಲ್ಲೇ ಕೂತು ಅತ್ತು ಮುಗಿಸುತ್ತಾಳೆ. ರಾಮವ್ವ ತಾಯಿಯ ಬೆನ್ನ ಮೇಲೆ ಕೈಯಾಡಿಸುತ್ತಾಳೆ. ಬಾಣಂತಿ ಯಾರು, ಸಮಾಧಾನ ಮಾಡುವವರು ಯಾರು ಎಂದು ತಿಳಿಯದಂತಾಗುತ್ತದೆ.

ಮರುದಿನದಿಂದ ಬೆಳಿಗ್ಗೆ ಒಂದು ಶೇಗಡಿ, ಸಂಜೆ ಒಂದು ಶೇಗಡಿ. ತಂದ ಕಟ್ಟಿಗೆ ಮುಗಿದಾಗ ಮಲಕಾರಿಯೇ ಹಳ್ಳದ ಕಡೆ ಹೋಗಿ ಒಣ ಜಾಲಿ ಹೊತ್ತು ತರುತ್ತಾನೆ, ಮಲಕವ್ವ ಅದರಲ್ಲಿ ಅರ್ಧ ಹಸಿಯಿದೆ ಎಂದು ಬೀಗರೆನ್ನದೆ ಬೈಯುತ್ತಾಳೆ. ಕೂಸು ಹಾಲು ಕುಡಿದು ಉಬ್ಬುತ್ತದೆ. ರಾಮವ್ವನ ತುಟಿಗೆ ಬಣ್ಣ ಬರುತ್ತದೆ. ರುಕ್ಮವ್ವ ದಿನಕ್ಕೆ ಹತ್ತು ಸಲ ಕೋಣೆಯೊಳಗೆ ಇಣುಕಿ, ಕೂಸಿನ ಪಾದ ಮುಟ್ಟಿ, ಬೆಚ್ಚಗಿರುವುದನ್ನು ಕಂಡು ಹೋಗುತ್ತಾಳೆ.

ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಮುತ್ತೈದೆಯರು. ಅರಿಷಿಣ ಕುಂಕುಮ ಹಂಚುವ ತಟ್ಟೆ ಮಲಕವ್ವನ ಬಳಿ ಬಂದಾಗ ಎಲ್ಲರೂ ಎಣಿಸಿದಂತೆ ದಾರಿ ತಪ್ಪಿ ಪಕ್ಕದವಳ ಕಡೆ ಹೋಗುತ್ತದೆ. ಅವಳು ಮೂಲೆಗೆ ಸರಿದು ಕೂತವಳಲ್ಲ, ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಾಳೆ. ಹೊರಗೆ ಗಾಳಿ ಬೀಸುತ್ತಿದೆ, ತೊಟ್ಟಿಲಲ್ಲಿ ಮಲಗಿಸಿದ ಕೂಸು ಚಳಿಗೆ ಮುಷ್ಟಿ ಬಿಗಿದು ಅಳಲು ಶುರು ಮಾಡುತ್ತದೆ. ಹೆಂಗಸರು ಜೋಗುಳ ಎತ್ತುತ್ತಾರೆ, ತೂಗುತ್ತಾರೆ, ಕೂಸು ಸುಮ್ಮನಾಗುವುದಿಲ್ಲ. ರುಕ್ಮವ್ವ ಅತ್ತ ಇತ್ತ ನೋಡಿ, "ಬೀಗತಿ, ತೊಟ್ಟಲ ಕೆಳಗ ಬೆಂಕಿ ತಂದಿಡು" ಎನ್ನುತ್ತಾಳೆ.

ಜೋಗುಳ ನಿಲ್ಲುತ್ತದೆ. ಮುತ್ತೈದೆಯರ ಕಣ್ಣು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಮಲಕವ್ವ ಕೂತಲ್ಲಿಂದ ಏಳುವುದಿಲ್ಲ.

"ಇಡತೀನ್ರಿ ಅಕ್ಕಾರ. ಮೊದಲ ಹೇಳ್ರಿ, ಕೂಸು ಇಷ್ಟು ಚಲೋ ಆಗೇತಲ್ಲ, ಇದು ಯಾರ ಹೊಣಿ?"

ರುಕ್ಮವ್ವ ತೊಟ್ಟಿಲ ಹಗ್ಗ ಹಿಡಿದು ನಿಲ್ಲುತ್ತಾಳೆ. ನಾಲ್ಕಲ್ಲ, ನಲವತ್ತು ಮಂದಿ ಅವಳ ಬಾಯನ್ನೇ ನೋಡುತ್ತಿದ್ದಾರೆ. ಕೂಸು ಇನ್ನೂ ಅಳುತ್ತಿದೆ.

"ನಿಂದು" ಎನ್ನುತ್ತಾಳೆ. ಅಷ್ಟು ಸಾಲದೆಂಬಂತೆ ಮುತ್ತೈದೆಯರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳುತ್ತಾಳೆ: "ಈಕಿದ. ಈಕಿ ಕೈಯಾಗಿನ ಬೆಂಕಿಲೇ ಕೂಸು ಉಳದೈತಿ."

ಮಲಕವ್ವ ಸೆರಗು ಸರಿಮಾಡಿಕೊಂಡು ಏಳುತ್ತಾಳೆ. "ಹಂಗಾದ್ರ ಸ್ವಲ್ಪ ದಾರಿ ಬಿಡ್ರಿ" ಎನ್ನುತ್ತ ಮುತ್ತೈದೆಯರ ನಡುವಿನಿಂದ ಹಾದು ಕೆಂಡ ತರಲು ಹೋಗುತ್ತಾಳೆ.